ರಕ್ಷಣಾ ಖರೀದಿ: ಅಧಿಕಾರ ಬೆಳೆಯಿತು, ಶಿಕ್ಷಣವೆಲ್ಲಿ?

ದೇಶರಕ್ಷಣೆಗೆ ಬೇಕಾದ ಸಾಮಗ್ರಿಗಳನ್ನು ಕೊಳ್ಳುವ ನಿಯಮಗಳನ್ನು ಕೇಂದ್ರ ಸರ್ಕಾರದವರು ಹೊಸದಾಗಿ ರಚಿಸಿ 2025ನೆಯ ಇಸವಿ ನವೆಂಬರ್ 1ನೆಯ ತಾರೀಖಿನಿಂದ ಆಚರಣೆಗೆ ತಂದಿರುವರು. 2009ರ ಕೈಪಿಡಿಯ ಸ್ಥಾನದಲ್ಲಿ ಈಗ ನಿಂತಿರುವ ಈ ಹೊಸ ಕೈಪಿಡಿಯು ಮೂರು ಸೇನೆಗಳ ಬಿಡಿಭಾಗ, ದುರಸ್ತಿ, ದಿನಬಳಕೆಯ ಸಾಮಗ್ರಿ ಮುಂತಾದ ಸುಮಾರು ಒಂದು ಲಕ್ಷ ಕೋಟಿ ರೂಪಾಯಿಗಳ ಖರೀದಿಗೆ ಅನ್ವಯಿಸತಕ್ಕದ್ದು. ಸ್ವದೇಶದಲ್ಲಿ ಹೊಸ ವಸ್ತುವನ್ನು ರೂಪಿಸಿಕೊಡುವ ಕಾರ್ಖಾನೆಗೆ, ಮಾದರಿ ಸಿದ್ಧವಾಗುವವರೆಗೂ ವಿಳಂಬದ ದಂಡವನ್ನು ಹಾಕಕೂಡದೆಂದು ಇದರಲ್ಲಿ ವಿಧಿಸಿದೆ. ಹಾಗೆ ರೂಪಿಸಿದ ವಸ್ತುವಿಗೆ ಐದು ವರ್ಷಗಳವರೆಗೆ ಇಷ್ಟು ಪ್ರಮಾಣದ ಆರ್ಡರು ಉಂಟೆಂಬ ಭರವಸೆಯನ್ನು ಕೊಡಲು ಅವಕಾಶವಿದೆ. ಐವತ್ತು ಲಕ್ಷ ರೂಪಾಯಿಗಳವರೆಗಿನ ಖರೀದಿಗೆ, ಆಯ್ದ ಕೆಲವು ವ್ಯಾಪಾರಿಗಳನ್ನು ಮಾತ್ರ ಕರೆದು ದರ ಕೇಳುವ ಸೀಮಿತ ಟೆಂಡರಿಗೂ ಅನುಮತಿ ದೊರೆತಿದೆ. ಸ್ವದೇಶಿ ಉದ್ಯಮದ ಅಭಿಮಾನಿಗಳಾದ ನಾವು ಈ ಸುಧಾರಣೆಯನ್ನು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ.

ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅರ್ಥ ಖಾತೆಯವರು ವೈಜ್ಞಾನಿಕ ಸಂಸ್ಥೆಗಳಿಗೂ ಇಂಥದೇ ಸಡಿಲಿಕೆಯನ್ನು ಕೊಟ್ಟರು. ದರಪಟ್ಟಿ ತರಿಸದೆ ಕೊಳ್ಳಬಹುದಾದ ಮಿತಿ ಒಂದು ಲಕ್ಷದಿಂದ ಎರಡು ಲಕ್ಷಕ್ಕೂ, ಖರೀದಿ ಸಮಿತಿಯ ಮೂಲಕ ಕೊಳ್ಳಬಹುದಾದ ಮಿತಿ ಹತ್ತು ಲಕ್ಷದಿಂದ ಇಪ್ಪತ್ತೈದು ಲಕ್ಷಕ್ಕೂ ಏರಿತು. ಹೀಗೆ ಒಂದು ವರ್ಷದೊಳಗಾಗಿ ಸಾರ್ವಜನಿಕ ಧನವನ್ನು ವೆಚ್ಚಮಾಡುವ ಅಧಿಕಾರಿಯ ಕೈ ಬಹಳಮಟ್ಟಿಗೆ ಉದ್ದವಾಗಿದೆ. ಆ ಕೈಗೆ ತಕ್ಕ ಶಿಕ್ಷಣ ದೊರೆತಿದೆಯೇ ಎಂಬುದೇ ಇಂದು ನಾವು ವಾಚಕರ ಮುಂದೆ ಇಡಬೇಕೆಂದಿರುವ ಪ್ರಶ್ನೆ.

ಈ ಪ್ರಶ್ನೆಯು ದೆಹಲಿಯವರಿಗೆ ಮಾತ್ರ ಸೇರಿದ್ದೆಂದು ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಮಹಾಜನರು ಭಾವಿಸುವಂತಿಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 4,290 ಎಕರೆ ನೆಲ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸಂದಿದೆ. ಅದರ ಆಸುಪಾಸಿನಲ್ಲಿಯೇ ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಮಂದಿರಕ್ಕೆ 1,500 ಎಕರೆ ಸೇರಿವೆ. ಬಾಹ್ಯಾಕಾಶ ಸಂಸ್ಥೆಯವರಿಗೂ ಪಾಲಿದೆ. ರಕ್ಷಣಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳು ಇಲ್ಲಿ ಹಾರಿವೆ. 2023ರ ಏಪ್ರಿಲ್ 2ರಂದು ಬಾಹ್ಯಾಕಾಶ ಸಂಸ್ಥೆಯ ಮರುಬಳಕೆಯ ವಾಹನವು ಹೆಲಿಕಾಪ್ಟರಿನಿಂದ ಬಿಡಲ್ಪಟ್ಟು ಇದೇ ಓಡುದಾರಿಯ ಮೇಲೆ ತಾನಾಗಿ ಬಂದಿಳಿಯಿತು. ಈ ಕೀರ್ತಿ ನಮ್ಮ ಸೀಮೆಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಕುರಿ ದನ ಮೇಯಿಸುತ್ತಿದ್ದವರು ಬಯಲನ್ನು ಕಳೆದುಕೊಂಡು ಹಸಿರು ನ್ಯಾಯಪೀಠದವರೆಗೆ ದೂರು ಹೋದದ್ದೂ ಅಷ್ಟೇ ಸತ್ಯ. ಮೇವಿನ ನೆಲವನ್ನು ಕೊಟ್ಟ ಜನರು, ಗೋಡೆಯ ಒಳಗೆ ನಡೆಯುವ ವೆಚ್ಚವು ನ್ಯಾಯವಾಗಿ ಆಗುತ್ತಿದೆಯೇ, ತಮ್ಮ ಊರಿನ ಕಮ್ಮಾರಸಾಲೆಗೂ ಗಾಡಿ ದುರಸ್ತಿಯವನಿಗೂ ಅದರಲ್ಲಿ ಪಾಲುಂಟೇ ಎಂದು ಕೇಳಲು ಅಧಿಕಾರವುಳ್ಳವರು.

ಸೇನೆಯ ಸರಬರಾಜು ಈ ಕಾವಲುಗಳಿಗೆ ಹೊಸತಲ್ಲ. ಮೈಸೂರು ಅರಸರ ಬೆಣ್ಣೆಚಾವಡಿಯೇ ಟೀಪೂ ಸುಲ್ತಾನನ ಕಾಲಕ್ಕೆ ಅಮೃತಮಹಲ್ ಇಲಾಖೆಯೆಂದು ಹೆಸರು ಪಡೆಯಿತು. ಫಿರಂಗಿ ಎಳೆಯುವ, ದಂಡಿನ ಸಾಮಾನು ಹೊರುವ ಎತ್ತುಗಳನ್ನು ಸಾಕುವುದಕ್ಕಾಗಿಯೇ ಈ ಹುಲ್ಲುಗಾವಲುಗಳನ್ನು ಕಾಯ್ದಿರಿಸಿದ್ದರು. 1799ರ ತರುವಾಯ ತಳಿಯ ಮರ್ಮವರಿತವರ ಮೇಲ್ವಿಚಾರಣೆ ತಪ್ಪಿ ಹಿಂಡುಗಳು ಕ್ಷೀಣಿಸಿದವು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಮದರಾಸು ಸೇನೆಯ ಸರಬರಾಜು ಅಧಿಕಾರಿಯನ್ನು ನೇಮಿಸಿದ ಮೇಲೆ ಮತ್ತೆ ಚೇತರಿಸಿಕೊಂಡವು. 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲಿಯನ್ನರು ಮಿತವ್ಯಯದ ಹೆಸರಿನಲ್ಲಿ ಇಡೀ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿಬಿಟ್ಟರು. ಸೇನೆಗೆ ಎತ್ತಿನ ಕೊರತೆ ತಟ್ಟಲು ಬಹುಕಾಲ ಬೇಕಾಗಲಿಲ್ಲ. 1866ರ ಹೊತ್ತಿಗೆ ಅದೇ ಸರ್ಕಾರದವರು ಅದೇ ತಳಿಯ ದನಗಳನ್ನು ಹುಡುಕಿ ಕೊಂಡು ಇಲಾಖೆಯನ್ನು ಪುನಃ ಕಟ್ಟಬೇಕಾಯಿತು. ಕಾಗದದ ಮೇಲೆ ಉಳಿತಾಯವಾಗಿ ಕಂಡದ್ದು ಕೊಟ್ಟಿಗೆಯಲ್ಲಿ ನಷ್ಟವಾಯಿತು. ಕೊಳ್ಳುವ ವಸ್ತುವನ್ನು ಬಲ್ಲವರು ಇದ್ದಾಗ ಹಿಂಡು ಬೆಳೆಯಿತು, ಇಲ್ಲದಿದ್ದಾಗ ಅಳಿಯಿತು ಎಂಬುದು ಈ ಚರಿತ್ರೆಯ ಸಾರ.

ಸ್ವತಂತ್ರ ಭಾರತದಲ್ಲಿಯೂ ಇದೇ ಪಾಠವನ್ನು ನಾವು ಬೆಲೆ ತೆತ್ತು ಕಲಿಯಬೇಕಾಯಿತು. 1948ರಲ್ಲಿ ಕಾಶ್ಮೀರದ ಯುದ್ಧದ ತರಾತುರಿಯಲ್ಲಿ ಸೇನೆಗಾಗಿ ಇಂಗ್ಲೆಂಡಿನಲ್ಲಿ ಎರಡು ಸಾವಿರ ಹಳೆಯ ಜೀಪುಗಳಿಗೆ ಕಂಟ್ರಾಕ್ಟು ಮಾಡಿಕೊಳ್ಳಲಾಯಿತು. ವಾಹನಗಳನ್ನು ಪರೀಕ್ಷಿಸುವುದಕ್ಕೆ ಮುಂಚೆಯೇ ದೊಡ್ಡ ಮೊತ್ತ ಕೈಬಿಟ್ಟಿತ್ತು. ಬಂದು ಇಳಿದವು 155; ಅವೂ ಉಪಯೋಗಕ್ಕೆ ಬಾರದವಾಗಿದ್ದವು. ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಚರ್ಚೆ ನಡೆದು 1955ರಲ್ಲಿ ಸರ್ಕಾರದವರು ಆ ಪ್ರಕರಣವನ್ನು ಮುಕ್ತಾಯಗೊಳಿಸಿದರು. ಪರೀಕ್ಷೆಗೆ ಮುಂಚೆ ಹಣ ಕೊಡಬಾರದೆಂಬುದು ಸಂತೆಗೆ ಹೋಗುವ ಗೃಹಸ್ಥನಿಗೂ ತಿಳಿದ ಮಾತು. ಅವಸರದ ಸಮಯದಲ್ಲಿ ಆ ಮಾತನ್ನು ಹಿಡಿದು ನಿಲ್ಲುವ ಧೈರ್ಯವು ಅಭ್ಯಾಸದಿಂದ ಮಾತ್ರವೇ ಬರತಕ್ಕದ್ದು.

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕೊಳ್ಳುವ ಅನುಭವಸ್ಥ ಗೃಹಿಣಿಯನ್ನು ನೋಡಿರಿ. ಆಕೆ ಸೆರಗನ್ನು ತಿರುವಿ ಹಿಂಬದಿಯ ಎಳೆಯನ್ನು ನೋಡುತ್ತಾಳೆ, ಜರಿಯನ್ನು ಉಗುರಿನಿಂದ ತೀಡುತ್ತಾಳೆ, ಅಂಚು ಮೈಗೆ ಸೇರಿದ ಕಡೆ ಬೆರಳಾಡಿಸುತ್ತಾಳೆ. ಆಮೇಲೆ ಬೆಲೆಯ ಮಾತು. ಅತ್ಯಂತ ಅಗ್ಗದ್ದನ್ನೇ ಕೊಡಿರೆಂದು ಆಕೆ ಕೇಳುವುದಿಲ್ಲ, ಹೇಳಿದಷ್ಟು ಕೊಟ್ಟು ಬರುವುದೂ ಇಲ್ಲ. ಸರ್ಕಾರದ ಖರೀದಿ ಅಧಿಕಾರಿಗೂ ಬೇಕಾದ್ದು ಇದೇ ವಿವೇಕ. ಬೇಕಾದ ವಸ್ತುವಿನ ಗುಣಲಕ್ಷಣಗಳನ್ನು ಒಬ್ಬ ವ್ಯಾಪಾರಿಗೆ ಮಾತ್ರ ಹೊಂದದಂತೆ ಬರೆಯುವುದು, ಪೇಟೆಯ ದರವನ್ನು ಮೊದಲೇ ವಿಚಾರಿಸಿ ಅಂದಾಜು ಕಟ್ಟುವುದು, ಬಂದ ದರಗಳು ಒಳಗೊಳಗೇ ಕೂಡಿ ಬರೆದವೇ ಎಂದು ಗುರುತಿಸುವುದು, ಸರಕನ್ನು ಪರೀಕ್ಷಿಸಿ ಉಗ್ರಾಣಕ್ಕೆ ಸೇರಿಸುವುದು, ಷರತ್ತು ಮುರಿದವನಿಗೆ ಕಾಲಕ್ಕೆ ಸರಿಯಾಗಿ ನೋಟೀಸು ಕೊಡುವುದು, ಇವೆಲ್ಲವೂ ಕಲಿತು ಮಾಡಬೇಕಾದ ಕೆಲಸಗಳು. ವಿಮಾನದ ರೆಕ್ಕೆಯನ್ನು ರೂಪಿಸುವ ವಿಜ್ಞಾನಿಗೆ ಇವು ಹುಟ್ಟಿನಿಂದ ಬಂದಿರುವುದಿಲ್ಲ. ಗುಮಾಸ್ತೆಯ ಹುದ್ದೆಯಿಂದ ಬಡ್ತಿ ಪಡೆದವನಿಗೂ ಬಂದಿರುವುದಿಲ್ಲ.

ಶಿಕ್ಷಣವಿಲ್ಲದ ಅಧಿಕಾರಿಗೆ ಎರಡು ದಾರಿಗಳು ತೋರುತ್ತವೆ, ಎರಡೂ ಕೆಟ್ಟವು. ಮೊದಲನೆಯದು ಭಯದ ದಾರಿ. ನಾಳೆ ಆಡಿಟಿನವರು ಪ್ರಶ್ನಿಸುವರೆಂದು ಹೆದರಿ, ಸರಕು ಹೇಗಾದರೂ ಇರಲಿ, ಕನಿಷ್ಠ ದರವೆಂಬ ಮರೆಯಲ್ಲಿ ನಿಂತುಬಿಡುವುದು. ನಿರ್ಣಯ ಮಾಡಬೇಕಾದ ಕಡತವನ್ನು ಮೇಜಿನಿಂದ ಮೇಜಿಗೆ ತಳ್ಳುವುದು. 2021ರ ಅಕ್ಟೋಬರಿನಲ್ಲಿಯೇ ಅರ್ಥ ಖಾತೆಯವರು ಕೆಲವು ಬಗೆಯ ಕಾಮಗಾರಿಗಳಲ್ಲಿ ದರದೊಂದಿಗೆ ಗುಣಕ್ಕೂ ಶೇಕಡಾ ಮೂವತ್ತರವರೆಗೆ ಅಂಕ ಕೊಡಬಹುದೆಂದು ತಿಳಿಸಿದರು. ಆದರೆ ಅಂಕ ಕೊಟ್ಟ ಕಾರಣವನ್ನು ಬರೆದು ಸಮರ್ಥಿಸಲು ತಿಳಿಯದವನು ಆ ಅವಕಾಶದ ಹತ್ತಿರ ಸುಳಿಯುವನೇ? ಎರಡನೆಯದು ದಾಕ್ಷಿಣ್ಯದ ದಾರಿ. ನಿಯಮವನ್ನು ತಾನು ಅರಿಯದವನು, ಅರಿತ ಕಂಟ್ರಾಕ್ಟುದಾರನನ್ನೇ ಕೇಳುತ್ತಾನೆ. ಕೊನೆಗೆ ಟೆಂಡರಿನ ಷರತ್ತುಗಳನ್ನು ಕಂಟ್ರಾಕ್ಟುದಾರನೇ ಬರೆಯುವಂತಾಗುತ್ತದೆ. ಸೀಮಿತ ಟೆಂಡರಿನ ಸೌಲಭ್ಯವು ಇಂಥವರ ಕೈಯಲ್ಲಿ ನಾಲ್ಕು ಪರಿಚಿತರ ಸೊತ್ತಾಗುವ ಅಪಾಯವುಂಟು.

ಶಿಕ್ಷಣ ಕೊಡುವ ಸಂಸ್ಥೆಗಳೇ ಇಲ್ಲವೆಂದಲ್ಲ. ಫರೀದಾಬಾದಿನ ಹಣಕಾಸು ನಿರ್ವಹಣಾ ಸಂಸ್ಥೆಯಲ್ಲಿ ಕೇಂದ್ರ ನೌಕರರಿಗೆ ಖರೀದಿಯ ತರಗತಿಗಳು ನಡೆಯುತ್ತವೆ. ರಕ್ಷಣಾ ಸಂಶೋಧನಾ ಸಂಸ್ಥೆಗೆ ಮಸ್ಸೂರಿಯಲ್ಲಿ ತನ್ನದೇ ತರಬೇತಿ ಶಾಲೆಯಿದೆ. ಆದರೆ ಅಲ್ಲಿ ತೇರ್ಗಡೆಯಾದವನೇ ಕಂಟ್ರಾಕ್ಟಿಗೆ ರುಜು ಹಾಕತಕ್ಕದ್ದೆಂದು ವಿಧಿಸುವ ಕಾನೂನು ನಮ್ಮಲ್ಲಿ ಇಲ್ಲ. ಕೇಂದ್ರದ ಖರೀದಿಗೆ ಪಾರ್ಲಿಮೆಂಟಿನ ಶಾಸನವೇ ಇಲ್ಲ. 2012ರಲ್ಲಿ ಮಂಡಿಸಿದ ಸಾರ್ವಜನಿಕ ಖರೀದಿ ಮಸೂದೆಯು 2014ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ನಮ್ಮ ಕರ್ನಾಟಕವಾದರೋ 1999ರಲ್ಲಿಯೇ ಪಾರದರ್ಶಕತೆಯ ಶಾಸನವನ್ನು ಮಾಡಿಕೊಂಡಿತು. ಅಮೆರಿಕೆಯವರು 1990ರಲ್ಲಿ ರಕ್ಷಣಾ ಖರೀದಿಯ ನೌಕರರಿಗಾಗಿಯೇ ಶಾಸನ ಮಾಡಿ, ವಿದ್ಯೆ, ಅನುಭವ, ಪರೀಕ್ಷೆಗಳನ್ನು ಹಂತಹಂತವಾಗಿ ಗೊತ್ತುಮಾಡಿದರು. ಅಲ್ಲಿ ಕಂಟ್ರಾಕ್ಟು ಅಧಿಕಾರಿಗೆ ಲಿಖಿತ ಅಧಿಕಾರಪತ್ರವಿರುತ್ತದೆ. ಅವನ ಅಧಿಕಾರಕ್ಕೆ ಮಿತಿಯಿದ್ದರೆ ಅದನ್ನು ಆ ಪತ್ರದಲ್ಲಿಯೇ ಕಾಣಿಸಿರುತ್ತಾರೆ. ಆ ದೇಶದಲ್ಲಿ ದುಂದು ನಿಂತುಹೋಯಿತೆಂದು ನಾವು ಹೇಳುವುದಿಲ್ಲ. ಆದರೆ ರುಜು ಹಾಕಿದವನು ತನಗೆ ನಿಯಮ ತಿಳಿಯದೆಂದು ಹೇಳಿ ಜಾರಿಕೊಳ್ಳುವ ದಾರಿ ಅಲ್ಲಿ ಮುಚ್ಚಿದೆ.

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಅಧಿಕಾರದ ಮಿತಿಯನ್ನು ಹುದ್ದೆಗೆ ಕಟ್ಟಿದಂತೆ ಶಿಕ್ಷಣಕ್ಕೂ ಕಟ್ಟತಕ್ಕದ್ದು. ಪರೀಕ್ಷೆಯಲ್ಲಿ ತೇರ್ಗಡೆಯಾಗದವನಿಗೆ ಎಷ್ಟೇ ಹಿರಿತನವಿದ್ದರೂ ಹೆಚ್ಚಿದ ಮಿತಿಯ ಅಧಿಕಾರ ಸಲ್ಲಬಾರದು. ಎರಡನೆಯದಾಗಿ, ಖರೀದಿಯಂಥ ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ಕಾಲಕಾಲಕ್ಕೆ ಬದಲಾಯಿಸಬೇಕೆಂಬುದು ಜಾಗೃತ ಆಯೋಗದ ಸೂಚನೆಯಾಗಿದೆ. ಅದು ಸರಿಯಾದದ್ದೇ, ಆದರೆ ಅದರ ಪರಿಣಾಮವಾಗಿ ಆ ಕುರ್ಚಿಗೆ ಸದಾ ಹೊಸಬರು ಬರುತ್ತಾರೆ. ಅವರು ಕುರ್ಚಿಯಲ್ಲಿ ಕೂರುವುದಕ್ಕೆ ಮುಂಚೆ ತರಬೇತಿ ಮುಗಿದಿರಬೇಕು. ಮೂರನೆಯದಾಗಿ, ಸೀಮಿತ ಟೆಂಡರು ಕರೆದಾಗಲೆಲ್ಲ ಯಾರನ್ನು ಕರೆದೆವು, ಇತರರನ್ನು ಏಕೆ ಕರೆಯಲಿಲ್ಲ ಎಂಬುದನ್ನು ಕಡತದಲ್ಲಿ ಬರೆದು, ಕಂಟ್ರಾಕ್ಟು ಪಡೆದವರ ಹೆಸರನ್ನೂ ಮೊತ್ತವನ್ನೂ ಪ್ರಕಟಿಸತಕ್ಕದ್ದು.

ರಕ್ಷಣೆಯ ಗುಟ್ಟು ಬಯಲಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಶಸ್ತ್ರದ ವಿವರಗಳು ಗುಟ್ಟಾಗಿಯೇ ಇರಲಿ. ಕಾಂಪೌಂಡು ಗೋಡೆ, ರಸ್ತೆ, ಕೊಳವೆ ಬಾವಿ, ಮೇಜು ಕುರ್ಚಿ, ಬಾಡಿಗೆ ವಾಹನ, ಊಟದ ವ್ಯವಸ್ಥೆ, ಇವುಗಳಲ್ಲಿ ಯಾವ ಗುಟ್ಟು ಅಡಗಿದೆ? ಗುಟ್ಟಾದ ಖರೀದಿಗಂತೂ ಶಿಕ್ಷಿತ ಅಧಿಕಾರಿ ಇಮ್ಮಡಿ ಅಗತ್ಯ. ಏಕೆಂದರೆ ಅಲ್ಲಿ ಸಾರ್ವಜನಿಕರ ಕಣ್ಣು ಇರುವುದಿಲ್ಲ.

ಮಾರುವವನ ಶಿಕ್ಷಣವೂ ಇದರೊಂದಿಗೆ ಸೇರಿದೆ. ಕೇಂದ್ರದ ಇಲಾಖೆಗಳು ವಾರ್ಷಿಕ ಖರೀದಿಯ ಶೇಕಡಾ 25 ಭಾಗವನ್ನು ಸಣ್ಣ ಉದ್ಯಮಿಗಳಿಂದ ಕೊಳ್ಳಬೇಕು. ಅದರೊಳಗೆ ಶೇಕಡಾ 4 ಪರಿಶಿಷ್ಟ ಜಾತಿ ಪಂಗಡದವರಿಗೆ, ಶೇಕಡಾ 3 ಮಹಿಳೆಯರಿಗೆ ಎಂದು ನಿಯಮವಿದೆ. ಸರಕು ಒಪ್ಪಿಕೊಂಡ ಮೇಲೆ 45 ದಿನಗಳೊಳಗೆ ಹಣ ಸಲ್ಲದಿದ್ದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕೆಂದು 2006ರ ಶಾಸನವೇ ಹೇಳುತ್ತದೆ. ಪರಿಶಿಷ್ಟ ಪಂಗಡದವರು ಬಹುಸಂಖ್ಯೆಯಲ್ಲಿರುವ ಈ ಎರಡು ತಾಲ್ಲೂಕುಗಳಿಗೆ ಇದು ಸಣ್ಣ ಲಾಭವಲ್ಲ. ಆದರೆ ಹಕ್ಕನ್ನು ತಿಳಿಯದವನು ಹಕ್ಕನ್ನು ಕೇಳಲಾರನು. ಟೆಂಡರಿನ ಸಾರಾಂಶವನ್ನೂ ನೋಂದಣಿಯ ಕ್ರಮವನ್ನೂ ಕನ್ನಡದಲ್ಲಿ ಒದಗಿಸಿ, ವರ್ಷಕ್ಕೆ ಎರಡು ಬಾರಿಯಾದರೂ ಚಳ್ಳಕೆರೆಯಲ್ಲಿಯೂ ಮೊಳಕಾಲ್ಮೂರಿನಲ್ಲಿಯೂ ವ್ಯಾಪಾರಿಗಳ ಸಭೆ ಕರೆಯುವುದು ಈ ಸಂಸ್ಥೆಗಳ ಕರ್ತವ್ಯ. ನಮ್ಮ ವರ್ತಕರೂ ದೂರುವುದನ್ನು ಬಿಟ್ಟು ಲೆಕ್ಕಪತ್ರಗಳನ್ನು ಸರಿಯಾಗಿಟ್ಟು, ಒಪ್ಪಿದ ಗುಣದ ಸರಕನ್ನೇ ಕೊಡುವ ವ್ರತವನ್ನು ಹಿಡಿಯಬೇಕು.

ಇದಕ್ಕೆ ಸ್ಥಳವನ್ನೂ ದೂರ ಹುಡುಕಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಮಂದಿರದವರು ಶಾಲಾ ಅಧ್ಯಾಪಕರಿಗೆ ವಿಜ್ಞಾನದ ತರಬೇತಿಯನ್ನು ಕೊಡುತ್ತ ಬಂದಿರುವರು. ಅಲ್ಲಿಯೇ, ನಾಲ್ಕು ಸಂಸ್ಥೆಗಳ ಕೂಡುಪ್ರಯತ್ನದಿಂದ, ಖರೀದಿ ಅಧಿಕಾರಿಗಳಿಗೂ ಸಣ್ಣ ಉದ್ಯಮಿಗಳಿಗೂ ಒಂದು ಪಾಠಶಾಲೆಯನ್ನು ಏಕೆ ತೆರೆಯಬಾರದು? ಕೊಳ್ಳುವವನೂ ಮಾರುವವನೂ ಒಂದೇ ನಿಯಮವನ್ನು ಒಂದೇ ಸೂರಿನಡಿ ಕಲಿತರೆ ಅರ್ಧ ವ್ಯಾಜ್ಯಗಳು ಹುಟ್ಟುವುದೇ ಇಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ರಾಜಾಜ್ಞೆ ಅದು. ಆಜ್ಞೆ ಕಳುಹಿಸಿದವರಾರು, ಪಡೆದವರಾರು ಎಂಬುದು ಅದರ ಮೊದಲಲ್ಲಿಯೇ ಕಾಣುತ್ತದೆ, ಕೊನೆಯಲ್ಲಿ ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಒಂದು ಸರ್ಕಾರವು ತನ್ನ ಆಜ್ಞೆಯನ್ನು ಬಂಡೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಿತು. ರೈತನ ತೆರಿಗೆಯ ಹಣಕ್ಕೆ ರುಜು ಹಾಕುವ ಇಂದಿನ ಅಧಿಕಾರಿಯು ತನ್ನ ಹೆಸರಿನ ಕೆಳಗೆ ಕಾರಣವನ್ನೂ ಬರೆಯಬಲ್ಲವನಾಗಿರಬೇಕೆಂದು ಆ ಬಂಡೆಯ ನೆರಳಿನ ಜನರು ಕೇಳುವುದು ಅತಿಯಾಶೆಯೆಂದು ನಮಗೆ ತೋರುವುದಿಲ್ಲ. ಹೊಸ ಕೈಪಿಡಿಯನ್ನು ಕೊಟ್ಟ ಸರ್ಕಾರದವರು ಅದನ್ನು ಹಿಡಿಯಬಲ್ಲ ಕೈಗಳನ್ನೂ ಸಿದ್ಧಪಡಿಸುವರೆಂದು ಆಶಿಸುತ್ತೇವೆ.