ಬೆಕ್ಕಿನ ಮೂಗಿನ ಮೇಲೊಂದು ಹುಣ್ಣು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಕಾಡಂಚಿನ ಜನ ಜ್ವರದಿಂದ ಮಲಗಿದರು. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತ ಸುದ್ದಿ ಕೇಳಿದರೆ ಹಿರಿಯರ ಎದೆ ಝಲ್ಲೆನ್ನುತ್ತದೆ. ಆ ಎಚ್ಚರಕ್ಕೆ ನಾವು ಜೀವಗಳನ್ನು ತೆತ್ತಿದ್ದೇವೆ. ಅದೇ ಕಣ್ಣಿನಿಂದ ಬ್ರೆಜಿಲ್‌ನ ರಿಯೊ ಡಿ ಜನೈರೊದ ಬೀದಿಬೆಕ್ಕುಗಳನ್ನು ನೋಡಿದರೆ ಮನಸ್ಸು ತಡೆಯುವುದಿಲ್ಲ.

ಅಲ್ಲಿ ಶುರುವಾಗುವುದು ಮೂಗಿನ ಮೇಲಿನ ಒಂದು ಹುಣ್ಣಿನಿಂದ. ಕಾದಾಡಿ ಬಂದಿರಬೇಕು ಎಂದುಕೊಂಡು ಜನ ಸುಮ್ಮನಾಗುತ್ತಾರೆ. ಅದು ಮಾಯುವುದಿಲ್ಲ, ಬೆಕ್ಕು ಸೀನತೊಡಗುತ್ತದೆ. ಇದು ಸ್ಪೊರೊಟ್ರೈಕೋಸಿಸ್ ಎಂಬ ಶಿಲೀಂಧ್ರ ರೋಗ. ಗುಲಾಬಿ ಮುಳ್ಳು ಚುಚ್ಚಿ ತೋಟದವರಿಗೆ ತಗಲುವ ಕಾಯಿಲೆಯೆಂದೇ ಇದು ಹೆಸರಾಗಿತ್ತು. ನಮ್ಮ ಹಿಮಾಚಲದ ತಪ್ಪಲಿನಲ್ಲಿ ಈಗಲೂ ಮಣ್ಣು, ಮುಳ್ಳುಗಳಿಂದ ಬರುತ್ತದೆ. ರಿಯೊದಲ್ಲಿ ಇದರದೇ ಒಂದು ಪ್ರಭೇದ ಬೆಕ್ಕಿನ ಉಗುರನ್ನೇ ಮುಳ್ಳು ಮಾಡಿಕೊಂಡಿತು. 1998ರಿಂದ ಅಲ್ಲಿನ ಒಸ್ವಾಲ್ಡೊ ಕ್ರೂಜ್ ಪ್ರತಿಷ್ಠಾನದ ವೈದ್ಯರು ಇಂಥ ರೋಗಿಗಳನ್ನು ಗುರುತಿಸುತ್ತ ಬಂದರು. ಸಾಯುವಂಥ ರೋಗವೇನಲ್ಲವಲ್ಲ, ಬಡವರ ಕೇರಿಯದಲ್ಲವೇ ಎಂಬ ಸಮಾಧಾನ ಉಳಿದವರಿಗೆ. ರೋಗ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮ ರಿಯೊ ರಾಜ್ಯದಲ್ಲಿ ಬಂದದ್ದು 2013ರಲ್ಲಿ. ಅಷ್ಟರಲ್ಲಿ ರೋಗಿಗಳ ಲೆಕ್ಕ ಸಾವಿರಗಳಿಗೆ ಏರಿತ್ತು. ಉಗುರಲ್ಲಿ ಹೋಗಬೇಕಾದ್ದಕ್ಕೆ ಕೊಡಲಿ ಎತ್ತುವ ಹೊತ್ತು ಬಂದಿತ್ತು.

ಔಷಧವಿದೆ, ಇಟ್ರಾಕೊನಜೋಲ್. ತಿಂಗಳುಗಟ್ಟಲೆ ಕೊಡಬೇಕು, ಹುಣ್ಣು ಒಣಗಿದ ಮೇಲೂ ನಿಲ್ಲಿಸಬಾರದು. ಬೀದಿಬೆಕ್ಕಿಗೆ ದಿನವೂ ಮಾತ್ರೆ ತಿನ್ನಿಸುವವರು ಯಾರು? ಹೆದರಿದವರು ಸಾಕಿದ ಬೆಕ್ಕನ್ನೂ ದೂರ ಬಿಟ್ಟು ಬರುತ್ತಾರೆ, ಜೊತೆಗೆ ರೋಗವೂ ಅಲ್ಲಿಗೆ ಹೋಗುತ್ತದೆ. ಸತ್ತದ್ದನ್ನು ಹಿತ್ತಲಲ್ಲಿ ಹೂಳುತ್ತಾರೆ. ಶಿಲೀಂಧ್ರ ಮಣ್ಣು ಸೇರುತ್ತದೆ. ಸುಡಬೇಕೆಂದು ತಜ್ಞರು ಹೇಳುತ್ತಲೇ ಇದ್ದಾರೆ.

ರೋಗ ಅರ್ಜೆಂಟೀನಾ, ಪರಾಗ್ವೆಗಳನ್ನು ಮುಟ್ಟಿದೆ. ಬ್ರೆಜಿಲ್‌ನಿಂದ ತಂದು ಮೂರು ವರ್ಷವಾಗಿದ್ದ ಒಂದು ಬೆಕ್ಕಿನಿಂದ ಬ್ರಿಟನ್‌ನಲ್ಲಿ ಮನೆಯೊಡತಿಗೆ, ಮಗಳಿಗೆ, ಪಶುವೈದ್ಯರಿಗೆ ತಗಲಿತು.

ಬೆಕ್ಕುಗಳನ್ನು ಕೊಲ್ಲಿ ಎನ್ನುತ್ತಿಲ್ಲ. ಸಂತಾನಹರಣ ಮಾಡಿಸಿದರೆ ಕಾದಾಟ ತಗ್ಗುತ್ತದೆ, ಪರಚಾಟವೂ.

ನಮ್ಮ ಮೀನು ಮಾರುಕಟ್ಟೆಯ ಬೆಕ್ಕಿನ ಮೂಗಿನಲ್ಲಿ ಮಾಯದ ಹುಣ್ಣು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ. ಗಾಜಿನ ಪಟ್ಟಿಯನ್ನು ಹುಣ್ಣಿಗೆ ಒತ್ತಿ ಸೂಕ್ಷ್ಮದರ್ಶಕದಡಿ ನೋಡಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.