ಬೆಕ್ಕನ್ನು ಬಿಟ್ಟು ಬನ್ನಿ ಎನ್ನುವ ಮೊದಲು

ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ ಈ ಸಲವೂ ಎಂದಿನಂತೆ ಮುಗಿಯಿತು: ನಾಯಿಗಳಿಗೆ ರೇಬೀಸ್ ಲಸಿಕೆ, ವೇದಿಕೆಯ ಮೇಲೆ ‘ಏಕ ಆರೋಗ್ಯ’ದ ಭಾಷಣ, ಹಾರ, ಫೋಟೊ. ರೇಬೀಸ್ ಬಗ್ಗೆ ತಕರಾರಿಲ್ಲ. 1885ರಲ್ಲಿ ಪಾಶ್ಚರ್ ಲಸಿಕೆ ಬಾಲಕನೊಬ್ಬನಿಗೆ ಸಿಕ್ಕಿದ ದಿನವೇ ಅದು. ಆದರೆ ಪ್ರಾಣಿಯಿಂದ ಮನುಷ್ಯನಿಗೆ ರೋಗ ದಾಟುತ್ತದೆ ಎನ್ನುವವರು ಯಾವ ಮನುಷ್ಯನಿಗೆ ಎಂದು ಕೇಳುವುದೇ ಇಲ್ಲ. ಎಚ್‌ಐವಿ ಇರುವವರಲ್ಲಿ ರೋಗ ತಡೆಯುವ ಸಿಡಿ4 ಕಣಗಳ ಎಣಿಕೆ 200ರ ಕೆಳಗಿಳಿದರೆ, ಗಟ್ಟಿಮುಟ್ಟಾದವರ ಮೈಯಲ್ಲಿ ತೆಪ್ಪಗೆ ಬಿದ್ದಿರುವ ರೋಗಾಣುವೂ ತಲೆ ಎತ್ತುತ್ತದೆ. ಪಶುವೈದ್ಯರು ಇದನ್ನು ಪರೀಕ್ಷೆಗೆ ಓದಿ ಮರೆತರೆ ಸಾಲದು.

ಕೊಟ್ಟಿಗೆಯಲ್ಲಿ ಎಳೆಗರು ಭೇದಿ ಮಾಡುತ್ತಿದೆ ಎನ್ನಿ. ಕಾರಣ ಕ್ರಿಪ್ಟೋಸ್ಪೋರಿಡಿಯಂ ಎಂಬ ರೋಗಾಣು ಆಗಿದ್ದರೆ, ಸಗಣಿ ಬಾಚುವ ಆರೋಗ್ಯವಂತರು ಒಂದೆರಡು ವಾರ ನರಳಿ ಎದ್ದಾರು. ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಅದೇ ಭೇದಿ ತಿಂಗಳುಗಟ್ಟಲೆ ಎಳೆಯಬಹುದು. ಎಚ್‌ಐವಿ ಇರುವವರಿಗೆ ಎಆರ್‌ಟಿ ಚಿಕಿತ್ಸೆಯಿಂದ ಆ ಶಕ್ತಿ ಮರಳಿಸುವುದೇ ಅದಕ್ಕೆ ಮುಖ್ಯ ಮದ್ದು. ನೀರಿಗೆ ಹಾಕುವ ಕ್ಲೋರಿನ್‌ಗೂ ಆ ರೋಗಾಣು ಬಗ್ಗದು, ನೀರನ್ನು ಕುದಿಸಲೇಬೇಕು. ಬೆಕ್ಕಿನ ಕಥೆ ಇನ್ನೂ ವಿಚಿತ್ರ. ಬೆಕ್ಕಿನ ಮಲದಲ್ಲಿ ಬರುವ ಟಾಕ್ಸೊಪ್ಲಾಸ್ಮಾ ರೋಗಾಣುವಿನ ಹೆಸರು ಕೇಳಿದೊಡನೆ ‘ಬೆಕ್ಕನ್ನು ಬಿಟ್ಟು ಬನ್ನಿ’ ಎನ್ನುವ ವೈದ್ಯರಿದ್ದಾರೆ. ಎಚ್‌ಐವಿ ರೋಗಿಯ ಮಿದುಳಿನಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುವುದು ಬಹುಪಾಲು ಎಂದೋ ಒಳಹೊಕ್ಕ ಸೋಂಕು ಮತ್ತೆ ಎಚ್ಚೆತ್ತಾಗ. ಈಗ ಬೆಕ್ಕನ್ನು ಓಡಿಸಿದರೆ ಆ ಸೋಂಕು ಹಿಂದಕ್ಕೆ ಹೋಗುವುದಿಲ್ಲ. ಅರೆಬೆಂದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಅದು ಬರುತ್ತದೆ. ಬೆಕ್ಕಿನ ಮಲದಲ್ಲಿನ ರೋಗಾಣು ಸೋಂಕು ಹರಡಲು ಕನಿಷ್ಠ ಒಂದು ದಿನವಾದರೂ ಬೇಕು. ಹಾಗಾಗಿ ಅದರ ಮಲದ ತಟ್ಟೆಯನ್ನು ಮನೆಯ ಬೇರೆ ಯಾರಾದರೂ ದಿನವೂ ತೊಳೆದು, ಬೆಕ್ಕಿಗೆ ಹಸಿ ಮಾಂಸ ಹಾಕದಿದ್ದರೆ ಅಪಾಯ ಬಹಳ ತಗ್ಗುತ್ತದೆ. ಒಂಟಿಯಾಗಿರುವ ರೋಗಿಗೆ ಆ ಬೆಕ್ಕೇ ಜೊತೆಗಾರ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನೆಲ್ಲ ಬಿಡಿಸಿ ಹೇಳಬಲ್ಲವರು ಪಶುವೈದ್ಯರು. ಬೆಕ್ಕಿಗೆ ಬರುವ, ಎಚ್‌ಐವಿಯನ್ನು ಹೋಲುವ ಎಫ್‌ಐವಿ ವೈರಸ್ ಮನುಷ್ಯರಿಗೆ ಅಂಟದು ಎಂಬ ಧೈರ್ಯವನ್ನೂ ಅವರೇ ಹೇಳಬೇಕು.

ಮನುಷ್ಯರ ಕಾಯಿಲೆ ಮನುಷ್ಯರ ವೈದ್ಯರಿಗೆ ಬಿಟ್ಟದ್ದು ಎಂಬ ಆಕ್ಷೇಪ ಬರುತ್ತದೆ. ಎಆರ್‌ಟಿ ಕೇಂದ್ರದಲ್ಲಿ ಕರು ಭೇದಿ ಮಾಡುತ್ತಿದೆಯೇ ಎಂದು ಕೇಳುವವರು ಯಾರು? ಕೊಟ್ಟಿಗೆಯೊಳಕ್ಕೆ ಕಾಲಿಡುವ ವೈದ್ಯರು ಒಬ್ಬರೇ. ಎರಡನೆಯ ಆಕ್ಷೇಪಕ್ಕೆ ತೂಕವಿದೆ: ಸಾಕಿದವರ ಎಚ್‌ಐವಿ ಸ್ಥಿತಿ ಪಶುವೈದ್ಯರಿಗೆ ತಿಳಿಯುವುದಾದರೂ ಹೇಗೆ? ತಿಳಿಯಬೇಕಿಲ್ಲ, ಕೇಳಲೂಬಾರದು, 2017ರ ಎಚ್‌ಐವಿ ಕಾಯ್ದೆ ಆ ಗೋಪ್ಯತೆಯನ್ನು ಕಾಯುತ್ತದೆ. ಸಣ್ಣ ಊರಲ್ಲಿ ಗುಟ್ಟು ಹೊರಬಿದ್ದರೆ ಡೇರಿಗೆ ಹಾಕುವ ಹಾಲನ್ನೂ ನಿರಾಕರಿಸುವ ಮಂದಿ ಇದ್ದಾರು, ಹಾಲಿನಿಂದ ಎಚ್‌ಐವಿ ಹರಡದು ಎಂದು ಎಷ್ಟು ಹೇಳಿದರೂ. ಆದ್ದರಿಂದ ಎಚ್ಚರಿಕೆಯ ಮಾತು ಎಲ್ಲರಿಗೂ ಒಂದೇ ಆಗಿರಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಸ್ಟೆರಾಯ್ಡ್ ನುಂಗುವವರು ಎಲ್ಲರೂ ಅದರೊಳಗೆ ಬಂದರು, ಯಾರತ್ತಲೂ ಬೆರಳು ತೋರಿಸಬೇಕಿಲ್ಲ.

ಅಂಥ ಮಾತಿಗೊಂದು ಉದಾಹರಣೆ: ದನಗಳ ಬ್ರುಸೆಲ್ಲಾ ರೋಗದ ತಡೆಗೆಂದು 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಹಾಕುವ ಎಸ್‌19 ಜೀವಂತ ಬ್ಯಾಕ್ಟೀರಿಯಾದ ಲಸಿಕೆ. ಸೂಜಿ ತಪ್ಪಿ ಮನುಷ್ಯರಿಗೆ ಚುಚ್ಚಿದರೆ ಅವರಿಗೇ ರೋಗ ಬರಬಹುದು. ಕರುವಿನ ಹಗ್ಗ ಹಿಡಿದು ನಿಲ್ಲುವವರು ಮನೆಯವರೇ. ‘ಮೈಯಲ್ಲಿ ಶಕ್ತಿ ಕಡಿಮೆ ಇರುವವರು ದೂರ ನಿಲ್ಲಿ, ಬೇರೆಯವರು ಹಿಡಿಯಲಿ’ ಎಂಬ ಒಂದು ಮಾತು ಸಾಕು. ಅದಕ್ಕೆ ಅನುದಾನ ಬೇಡ, ಉದ್ಘಾಟನೆಗೆ ಸಚಿವರು ಬೇಡ. ಅದಕ್ಕೇ ಇರಬೇಕು, ಯಾರೂ ಹೇಳುತ್ತಿಲ್ಲ.