ಬೊಂಬೆಯ ಸೈನ್ಯ, ಬಣ್ಣದ ಚರಿತ್ರೆ

ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ಸಿಪಾಯಿಗೂ ಕುದುರೆಗೂ ಸ್ಥಾನವಿರುವುದು ನಮ್ಮ ನಾಡಿಗೆ ಹೊಸತಲ್ಲ. ಹೆಬ್ಬೆರಳೆತ್ತರದ ಯೋಧರಿಗೆ ಬಣ್ಣ ತುಂಬಿ, ಮೇಜಿನ ಮೇಲೆ ವ್ಯೂಹ ರಚಿಸಿ ಆಡುವ ಹವ್ಯಾಸವೂ ಅದರ ದಾಯಾದಿಯೇ ಸರಿ. ಚದುರಂಗವನ್ನು ಆಧರಿಸಿ ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ ಇಂತಹ ಯುದ್ಧಕ್ರೀಡೆ ರೂಪುಗೊಂಡಿತು. 1913ರಲ್ಲಿ ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ ಅದಕ್ಕೊಂದು ನಿಯಮಗ್ರಂಥವನ್ನೇ ಬರೆದನು.

ಇದು ಮಕ್ಕಳಲ್ಲಿ ಹಿಂಸೆಯನ್ನು ಬಿತ್ತೀತೆಂಬ ಹಿರಿಯರ ಶಂಕೆ ಸಹಜವೇ. ಆದರೆ ಬೊಂಬೆಗಳೊಡನೆ ಆಡಿದವನಿಗೆ ನಿಜವಾದ ಯುದ್ಧದ ಅವಿವೇಕ ಮನದಟ್ಟಾಗುವುದೆಂದೇ ವೆಲ್ಸನ ವಾದ. 1914ರ ಮಹಾಯುದ್ಧವನ್ನು ಹೂಡಿದವರು ಬೊಂಬೆಯಾಡುವ ಬಾಲಕರಲ್ಲ.

ಬಣ್ಣ ಹಚ್ಚುವವನು ಮೊದಲು ಓದಬೇಕು. ಟಿಪ್ಪುವಿನ ಕಾಲಾಳಿನ ಅಂಗಿಯಲ್ಲಿ ಹುಲಿಪಟ್ಟೆಯೇಕೆ, ಅವನ ಅಶ್ವದಳಕ್ಕೆ ಕುಣಿಗಲಿನಲ್ಲಿ ಕುದುರೆ ಸಾಕಿದುದು ಹೇಗೆ ಎಂದು ವಿಚಾರಿಸಬೇಕು. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿಯು ‘ಕುರುಕ್ಷೇತ್ರ’ಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ತುಮಕೂರಿನ ಶಾಲೆಗಳಿಗೆ ಅಷ್ಟು ವೈಭವ ಬೇಡ. ಹಿಡಿ ಜೇಡಿಮಣ್ಣು, ಸಣ್ಣದೊಂದು ಕುಂಚ, ನಾಲ್ಕು ಬಣ್ಣಗಳು ಸಾಕು.

ಪಠ್ಯದಲ್ಲಿ ಸಾವಿರಾರು ಮಂದಿ ಮಡಿದರೆಂಬುದು ಒಂದು ಸಾಲು ಮಾತ್ರ. ಒಬ್ಬ ಸಿಪಾಯಿಗೆ ತನ್ನ ಕೈಯಾರೆ ಕಣ್ಣು ಬರೆದ ವಿದ್ಯಾರ್ಥಿಯು ಆ ಸಾಲನ್ನು ಹಗುರವಾಗಿ ದಾಟಲಾರನು. ಚರಿತ್ರೆಯ ಪಾಠಕ್ಕೆ ಇದಕ್ಕಿಂತ ಹೆಚ್ಚಿನ ಫಲವೇನು ಬೇಕು?